ಬಾಯಾಗ ಮೊಳಿ

ಕುರ್ಲಾ ಸ್ಟೇಶನ್ನು, ಏಳನೇ ಪ್ಲಾಟ್‌ಫಾರ್ಮು,
ಕಂಬಕ್ಕ ಬೆನ್ನು ಹಚ್ಚಿ ಕುಂತಾವ ನಾನು.
ಮಂದಿ ಮುಖ ನೋಡೂದು ಕಡಿಮಿ, ಕಾಲು ನೋಡೂದ ಹೆಚ್ಚು.
ಮೊನ್ನೆ ಒಬ್ಬಾಕಿ ಹುಡುಗಿ, ಸೊಲ್ಲಾಪುರ ಕಡೀ ಮಾತು,
ಚಪ್ಪಲಿ ನನ್ನ ಕೈಯಾಗ ಕೊಟ್ಟು
ಒಂಟಿಗಾಲ ಮ್ಯಾಲ ಕೊಕ್ಕರಿ ಹಾಂಗ ನಿಂತು
ಪುಸ್ತಕ ನೋಡಕೋತ ಗೇಪ್, ಗೇಪ್, ಗೇಪ್ ಅಂತ
ಗುಣುಗುಣು ಮಾಡತಿದ್ಲು.

ಗ್ಯಾಪ್ ಏನವಾ? ಅಂದೆ.
ಗಾಡಿಗೂ ಕಟ್ಟೀಗೂ ನಡುವ ಇರತೈತಲ್ಲ, ಅದು?
ದಿನಾ ಸಾವಿರ ಸಲ ಮೈಕಿನ್ಯಾಗ ಒದರತಾರ.
ಅಲ್ಲ ಕಾಕಾ, ಇದಕ್ಕ ಕಡೀಕ ಒಂದು ಇ ಐತಿ,
ಬರೀಬೇಕು, ಆದ್ರ ಅದು ಸಪ್ಪಳ ಮಾಡೂದಿಲ್ಲ.
ಬಾಯಿ ತಗದು ನೋಡೂದಕ್ಕ ಹಂಗಂತಾರ.
ಸುಮ್ನ ನೋಡಿದ್ರ ಆ ಶಬ್ದ ನಡಿಯಂಗಿಲ್ಲ,
ಕಣ್ಣು ಕಿಸಿದು ನೋಡಿದ್ರೂ ನಡಿಯಂಗಿಲ್ಲ,
ಗದ್ದ ಜೋತು ಬೀಳಬೇಕು.

ನಮ್ಮವ್ವ ಇದಕ್ಕ ಒಂದ ಮಾತು ಅಂತಿದ್ಲು:
ಬಾಯಿ ಮುಚ್ಚೋ, ನೊಣ ಹೋದೀತು.

ಮತ್ತ ಇದು? ಅಂತ ಒಂದು ಬೂಟು ಎತ್ತಿ ತೋರಿಸಿದೆ,
ತಳ ಕಿತ್ತು ಮೊಸಳಿ ಹಾಂಗ ಬಾಯಿ ಬಿಟ್ಟಿತ್ತು.
ಹಾಳಿ ತಿರುವಿ ನೋಡಿ ನಕ್ಕಳು:
ಬೂಟಿಗೂ ಅನ್ನಬೌದಂತ ಕಾಕಾ, ಗಾಯಕ್ಕೂ ಅನ್ನಬೌದಂತ.
ಹಂಗಾದ್ರ ಇಪ್ಪತ್ತೆರಡು ವರ್ಷದಿಂದ ನಾನು
ಇಂಗ್ಲೀಷನ್ನ ಹೊಲಿಯಾಕ ಹತ್ತೀನಿ.

ನಾ ಮಾತ್ರ ಎಂದೂ ಹಂಗ ನೋಡಿದಾವಲ್ಲ.
ಸೊಕ್ಕಲ್ಲ ಅದು.
ತುಟಿ ನಡುವ ಮೊಳಿ ಹಿಡದಿರತೀನಿ, ಸಣ್ಣವು, ಏಳೋ ಎಂಟೋ,
ನಾಲಿಗಿಗೆ ಯಾವತ್ತೂ ತುಕ್ಕಿನ ರುಚಿ.
ಯಾರ ಜಗಳ ಆಗಲಿ, ಯಾರ ದಿಬ್ಬಣ ಇಳೀಲಿ,
ಕಣ್ಣಿಂದ ನೋಡೂದು, ಅಷ್ಟ.
ಬಾಯಿ ತೆರದ್ರ ದಂಧೆ ನೆಲಕ್ಕ.

ಬೇಸ್ತವಾರ ಹಿಂಗಾತು.
ಪನವೇಲ ಗಾಡಿ ಬರೂ ಹೊತ್ತು.
ಕೀಲಿ ರಿಪೇರಿ ದಸ್ತಗೀರ ಚಾಚಾನ ಒಂದು ಬೂಟು
ಕಾಲಿಂದ ಜಾರಿ ಹಳಿಗೆ ಬಿತ್ತು.
ಎಪ್ಪತ್ತರ ಮುದುಕ,
ಅದರ ಹಿಂದ ತಾನೂ ಜಿಗದ.

ಮುನ್ನೂರು ಮಂದಿ ಇದ್ರು.
ಒಬ್ಬರ ಬಾಯೂ ತೆರೀಲಿಲ್ಲ,
ಫೋನು ತೆರದ್ವು.
ಆ ಶಬ್ದ ಈಗ ಬೂಟಿಗಷ್ಟ ಉಳದೈತೇನೋ.

ಗಾಡಿ ಬಂತು, ಡಬ್ಬಿ ಹಿಂದ ಡಬ್ಬಿ, ಡಬ್ಬಿ ಹಿಂದ ಡಬ್ಬಿ,
ನಿಂತಿತು. ಮಂದಿ ಇಳದ್ರು, ಮಂದಿ ಹತ್ತಿದ್ರು,
ಹೋತು.
ಆಚೀ ಹಳಿ ಮ್ಯಾಲ ದಸ್ತಗೀರ ಚಾಚಾ
ಬೂಟಿನ ಧೂಳ ಊದಕೋತ ನಿಂತಿದ್ದ.

ಹತ್ತಿ ಬಂದು ನನ್ನ ಮುಂದ ಒಗದ:
ಏನ್ ನೋಡತಿ, ಹೊಲಿ.

ಮೊಳಿಗೆ ತುಟಿಗೆ ಕೈ ಹಚ್ಚಿದೆ. ಒಂದೂ ಇಲ್ಲ.
ತೊಡಿ ಮ್ಯಾಲ ಎರಡು, ಉಳದವು ಕಲ್ಲಿನ ಮ್ಯಾಲ ಚೆಲ್ಲಾಪಿಲ್ಲಿ.
ಯಾವಾಗ ಬಿದ್ವೋ, ಸಪ್ಪಳ ಕೇಳಲಿಲ್ಲ.

ಆರು ಸಿಕ್ಕಾವ. ಒಂದು ಇನ್ನೂ ಸಿಕ್ಕಿಲ್ಲ.
ಏಳನೇ ಪ್ಲಾಟ್‌ಫಾರ್ಮಿಗೆ ಬಂದ್ರ
ನೆಲ ನೋಡಕೋತ ನಡೀರಿ.