ಕಿವಿಗುರುತು

ಇನಾರಿ ಕಡೆಯ ಹಿಮಸಾರಂಗ ಸಾಕುವವರ ಸಂಘ.
ಕೆಳಗೆ ಪೆಟ್ರೋಲ್ ಬಂಕು, ಮೇಲೆ ಕಚೇರಿ.
ಸೂರ್ಯ ರಜೆ ಹಾಕಿ ಹದಿನಾರು ದಿನ.
ನಾಳೆ ದೊಡ್ಡಿಗೆ ಮಂದೆ ಬರುತ್ತದೆ;
ಯಾವ ಮರಿ ಯಾರದೆಂದು ಹೇಳುವುದು ಕಿವಿಯ ಕಚ್ಚು,
ಯಾವ ಕಚ್ಚು ಯಾರದೆಂದು ಹೇಳಬೇಕಾದ್ದು
ರಿಸ್ತೆನ್ ಎದುರಿಗಿರುವ ಈ ಕರಿಪರದೆ.
ಹಳೇ ಪೆಟ್ಟಿಗೆಯೊಳಗೆ ಡಿಸ್ಕು ಕೆರೆಯುತ್ತಿದೆ,
ಹಲ್ಲಿಲ್ಲದವರು ರೊಟ್ಟಿ ಅಗಿದಂತೆ.
ಇರುವಷ್ಟನ್ನೂ ಇವತ್ತೇ ಹೊಸ ಮನೆಗೆ ಸಾಗಿಸಬೇಕು.

ಎಂಟು ಗಂಟೆ. ವಲಸೆಯ ಆಜ್ಞೆ ಬಡಿದಳು.
ಸಂಪರ್ಕ ನಿರಾಕರಿಸಲಾಗಿದೆ.
ಆ ಬಾಗಿಲಲ್ಲಿ ಸರ್ವರ್ ಎದ್ದಿದೆಯೇ, ನೋಡಿದಿರಾ?
ನೋಡಿರಲಿಲ್ಲ. ಎಬ್ಬಿಸಿದಳು.
ರಿಸ್ತೆನ್ ಎಂಬವರು ಇಲ್ಲಿ ಯಾರೂ ಇಲ್ಲ.
ಹತ್ತೊಂಬತ್ತು ವರ್ಷ ಇದೇ ಕುರ್ಚಿ,
ಕೈಯಾಸರೆಯ ರೆಕ್ಸಿನ್ನು ಸವೆದದ್ದು ಈ ಮೊಣಕೈಗೇ—
ಇಲ್ಲವಂತೆ.
ಹೆಸರು ಬರೆಸಿಕೊಂಡಳು.
ನೀವು ಹೇಳುವ ಡೇಟಾಬೇಸೂ ಇಲ್ಲ.
ಹೌದಲ್ಲ!
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಿದ್ದಳು.
ಹುಟ್ಟಿಸು, ಎಂದಳು. ಅನುಮತಿ ಇಲ್ಲ, ಎಂದಿತು.
ಅನುಮತಿ ತಾನೇ ಕೊಟ್ಟುಕೊಂಡು ಮತ್ತೆ ಕೇಳಿದಳು.

ಹುಟ್ಟಿತು. ಅಳಲೂ ಇಲ್ಲ.
ಒಂದು ಖಾಲಿ ಸಾಲು, ಮಿಣುಕುವ ಒಂದು ಗೀಟು.

ಒಂದು, ಸರಿ. ಎರಡು, ಸರಿ.
ಏಳರ ಹೊತ್ತಿಗೆ ಕಾಫಿ ಕಾಯಿಸಲು ಎದ್ದಳು.
ಬಂದು ನೋಡಿದರೆ ಹನ್ನೊಂದರಲ್ಲಿ ನಿಂತಿದೆ,
ಮುಂದಿನ ಸಾರಂಗ ಹೊಳೆಯಂಚಲ್ಲಿ ಕಾಲೂರಿದರೆ
ಹಿಂದಿನ ಸಾವಿರವೂ ನಿಲ್ಲುವ ಹಾಗೆ.
ಈ ಗುರುತು ಆಗಲೇ ಇದೆ.
ಒಂದೇ ಗುರುತು ಇಬ್ಬರಿಗೆ ಸಲ್ಲದು.

ಇಬ್ಬರು: ಇಸ್ಸಾತ್, ಹೆಯಿಕ್ಕಾ.
ಅಣ್ಣತಮ್ಮಂದಿರು. ಬೇಲಿಯ ಒಂದು ಗೂಟಕ್ಕಾಗಿ
ಮಾತು ಬಿಟ್ಟು ಹನ್ನೆರಡು ವರ್ಷ.
ಒಂದೇ ಬೆಂಚಲ್ಲಿ ಕೂರದವರು
ಒಂದೇ ಕಚ್ಚು ಇಟ್ಟುಕೊಂಡಾರೇ?

ಓಲುವಿನಲ್ಲಿ ಓದುವ ತಂಗಿಮಗ ಫೋನಿನಲ್ಲೇ ನಕ್ಕ:
ಆ ನಿಯಮವನ್ನೇ ಕಿತ್ತುಹಾಕು ಚಿಕ್ಕಿ—
ಅಲ್ಲ, ದೊಡ್ಡಮ್ಮ—ನಿದ್ದೆಗಣ್ಣು ಅವನಿಗೆ—
ಗಡಗಡ ಓಡುತ್ತದೆ.
ಅರ್ಧ ಬರೆದು ಅಳಿಸಿದಳು.
ಓಡುತ್ತದೆ, ನಿಜ.
ಬೇಲಿ ಕಿತ್ತರೆ ಮಂದೆಯೂ ಓಡುತ್ತದೆ.

ಬೀರುವಿನಿಂದ ಹಳೇ ರಿಜಿಸ್ಟರ್ ಇಳಿಸಿದಳು.
ಪುಟಕ್ಕೆರಡು ಕಿವಿ, ಮಸಿಯಲ್ಲಿ ಬರೆದದ್ದು.
ಅಣ್ಣನ ಕಚ್ಚಿನ ಹೆಸರಲ್ಲಿ ಒಂದಕ್ಷರ,
ತಲೆ ಮೇಲೆ ಪುಟ್ಟ ಕೊಕ್ಕೆ;
ತಮ್ಮನದರಲ್ಲಿ ಅದೇ ಜಾಗಕ್ಕೆ ಬೇರೊಂದು,
ಕತ್ತಿಗೆ ಅಡ್ಡಗೀಟು.
ಪರದೆಯಲ್ಲಿ? ಎರಡೂ ಕಡೆ ಪ್ರಶ್ನಾರ್ಥಕ ಚಿಹ್ನೆ.
ಕೆಳಗೆ, ಮೇಲೆ, ಮೂರು ಸಾವಿರ ಸಾಲಿನ ತುಂಬ
ಅವಳ ತಾಯಿನುಡಿ ಇರಬೇಕಾದಲ್ಲೆಲ್ಲ
ಬಾಗಿ ನಿಂತ ಪ್ರಶ್ನೆಗಳು.

ತಪ್ಪು ಹನ್ನೊಂದರದಲ್ಲ.
ಹುಟ್ಟಿಸುವಾಗ ಯಾವ ಲಿಪಿ ಎಂದು ಇವಳು ಹೇಳಲಿಲ್ಲ;
ಅದು ತನಗೆ ಗೊತ್ತಿದ್ದ ಇಪ್ಪತ್ತಾರು ಅಕ್ಷರ ಹಿಡಿದು ಹುಟ್ಟಿತು.

ಕೆಡವು, ಎಂದು ಬರೆದು
ಎಂಟರ್ ಮೇಲೆ ಬೆರಳಿಟ್ಟು
ಹೆಸರನ್ನು ಮೂರು ಸಲ ಓದಿದಳು.
ಹೊಸದೇ ತಾನೆ? ಹಳೆಯದಲ್ಲ ತಾನೆ?
ಹೊಸದೇ.
ಒತ್ತಿದಳು. ಹೊಟ್ಟೆಯಲ್ಲೇನೋ ಜಾರಿತು.

ಅಷ್ಟರಲ್ಲಿ ಇಸ್ಸಾತ್‌ನ ಫೋನು, ನಾಲ್ಕು ಗಂಟೆಗೆ.
ಮುದುಕರಿಗೆ ನಿದ್ದೆ ಇಲ್ಲ.
ನಿನ್ನ ಕಚ್ಚೂ ನಿನ್ನ ತಮ್ಮನದೂ ಒಂದೇ ಅನ್ನುತ್ತಿದೆಯಪ್ಪ ಇದು.
ಅತ್ತ ಬಹಳ ಹೊತ್ತು ಸದ್ದಿಲ್ಲ.
ಕತ್ತಲಲ್ಲಿ ಹೆಬ್ಬೆರಳು ಸವರಿಯೇ ಹೇಳುತ್ತೇನೆ, ಅಂದ,
ಇದು ನನ್ನದು, ಇದು ಆ ಕತ್ತೆಯದು ಎಂದು.
ನಿನ್ನ ಡಬ್ಬಿಗೆ ಹೆಬ್ಬೆರಳಿಲ್ಲ.

ಈ ಸಲ ಲಿಪಿಯ ಹೆಸರು ಹೇಳಿಯೇ ಹುಟ್ಟಿಸಿದಳು.
ಹಳೇ ಪೆಟ್ಟಿಗೆಯಿಂದ ಎಲ್ಲ ಮತ್ತೆ ಎಳೆದಳು.
ಒಂಬತ್ತು. ಹತ್ತು. ಉಸಿರು ಹಿಡಿದಳು.
ಹನ್ನೊಂದು, ಸರಿ.
ಹಳೆಯದರಲ್ಲಿ ಮೂರು ಸಾವಿರದ ಇನ್ನೂರಾರು,
ಹೊಸದರಲ್ಲೂ ಅಷ್ಟೇ. ಮತ್ತೊಮ್ಮೆ ಎಣಿಸಿದಳು, ಅಷ್ಟೇ.
ಇಸ್ಸಾತನ ಕೆಳಗೇ ಹೆಯಿಕ್ಕಾ,
ನಡುವೆ ಒಂದು ಕೊಕ್ಕೆಯಷ್ಟು ದೂರ.

ಕೆಳಗೆ ಯಾರೋ ಡೀಸೆಲ್ ಹಾಕಿಸುತ್ತಿದ್ದಾರೆ.
ಬೆಳಕಿಲ್ಲದಿದ್ದರೂ ಬೆಳಗಾಯಿತೆಂದು ಲೆಕ್ಕ.
ಟೋಪಿ ಹಾಕಿಕೊಂಡಳು, ದೀಪ ಆರಿಸಿದಳು;
ಹಳೇ ಪೆಟ್ಟಿಗೆಯನ್ನು ಮಾತ್ರ ಆರಿಸಲಿಲ್ಲ.
ಕೆರೆಯಲಿ,
ಇನ್ನೂ ಎರಡು ದಿನ.