ಈ ವರ್ಷದ ಕಾಯಿ

ನನ್ನ ಕೆಲಸ ಕೂಗುವುದು.
ಗಿರೆಸುನ್ ಕೋರ್ಟಿನ ಮೂರನೇ ಮಹಡಿ,
ಹೆಸರು ಮೂರು ಸಲ, ಆಮೇಲೆ ಬಾಗಿಲು.
ಗುಲ್ಸೆರೆನ್, ತುರ್ಗಾಯ್ —
ಬಿಟ್ಟು ನಾಲ್ಕು ವರ್ಷವಾದರೂ
ನನ್ನ ಬಾಯಲ್ಲಿ ಇನ್ನೂ ಒಂದೇ ಉಸಿರಿನ ಜೋಡಿ.

ಜೀವನಾಂಶ ಏಳು ತಿಂಗಳ ಬಾಕಿ.
ಅವನು ಬರೆದುಕೊಟ್ಟಿದ್ದಾನೆ ಕಡತದಲ್ಲಿ:
ಏಪ್ರಿಲ್ಲಿನ ಹಿಮಕ್ಕೆ ತೋಟ ಕರಕಲು,
ಒಂದು ಹಿಡಿ ಹೇಝಲ್‌ಕಾಯಿಯೂ ಕೈಗೆ ಬರಲಿಲ್ಲ.

ಇವತ್ತು ಅವನಿಲ್ಲ. ತಾಯಿ ಹವ್ವಾ ಬಂದಿದ್ದಾಳೆ,
ಗುಡ್ಡದ ಮಿನಿಬಸ್ಸಿಳಿದು, ಮಂಡಿ ಹಿಡಿದುಕೊಂಡು.
ಬೆಂಚಿನ ಮೇಲೆ ಬಟ್ಟೆಚೀಲ ಇಟ್ಟು
'ಮಗುವಿಗೆ' ಅಂದಳು.
ಆಮೇಲೆ, ನೆಲ ನೋಡುತ್ತ:
'ದೂರು ವಾಪಸು ತಗೋ ತಾಯಿ.
ಮೂರು ತಿಂಗಳು ಒಳಗೆ ಹಾಕ್ತಾರಂತೆ.'

ಗುಲ್ಸೆರೆನ್ ಚೀಲಕ್ಕೆ ಕೈ ಹಾಕಿದಳು.
ಒಂದನ್ನು ದವಡೆಗಿಟ್ಟು ಕಟಕ್ಕೆಂದು ಒಡೆದಳು.
ಜಗಿದಳು. ಹಾಲು ಇನ್ನೂ ಆರಿರದ ತಿರುಳು.
ಆರು ಸುಗ್ಗಿ ಆ ಇಳಿಜಾರಿನಲ್ಲಿ ಬಗ್ಗಿ ಆಯ್ದವಳು ಅವಳು;
ಆ ನಾಲಿಗೆಗೆ ಯಾರು ಸುಳ್ಳು ಹೇಳಿಯಾರು?

'ಈ ವರ್ಷದ್ದು' ಅಂದಳು. ಅಷ್ಟೆ.

ಮುದುಕಿಯ ಮುಖ ಹುಳ್ಳಗಾಯಿತು.
ಚೀಲದ ಬಾಯಿ ಕಟ್ಟಲು ಹೋಗಿ, ಕಟ್ಟದೆ,
ನೆಲಕ್ಕೆ ಬಿದ್ದ ಚಿಪ್ಪು ಒಂದೊಂದಾಗಿ ಆಯ್ದು
ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

ವಕೀಲರು ಚಹಾಕ್ಕೆ ಹೋದ ಹೊತ್ತು.
ಕಾರಿಡಾರಿನಲ್ಲಿ ಮೂರನೆಯವನು ನಾನೊಬ್ಬ;
ಸಾಕ್ಷಿ ಹೇಳುವುದು ನನ್ನ ಕೆಲಸವಲ್ಲ.

ಗುಲ್ಸೆರೆನ್, ತುರ್ಗಾಯ್ —
ಮೂರನೇ ಕೂಗಿಗೆ
ಹೆಂಗಸರಿಬ್ಬರೂ ಎದ್ದರು.
ಒಳಗೆ ಹೋಗುವಾಗ
ಚೀಲ ಹೊತ್ತಿದ್ದವಳು ಹವ್ವಾ.