ಬೇಕಂತ ಕೆಡಿಸಿದ್ದು

ತೇಗದ ಹಲಗೆ ಇದು. ಅಪ್ಪ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ
ಬೋಗಿಯ ಬಾಗಿಲು ಕೂಡಿಸುವಾಗ ಉಳಿದ ತುಂಡು.
ಮೂವತ್ತು ವರ್ಷ ಇದರ ಮೇಲೆ ಉಳ್ಳಾಗಡ್ಡಿ ಹೆಚ್ಚಿದ್ದೇನೆ.
ನಿನ್ನೆ ಉಪ್ಪು, ಲಿಂಬಿಹೋಳು ಹಾಕಿ ತಿಕ್ಕಿದೆ, ಮೂರು ಸಲ.
ವಾಸನೆ ಹೋಯಿತು.
ಅರ್ಧ ಹೋಯಿತು ಅನ್ನಿ.

ಇವತ್ತು ಕ್ರಿಸ್‌ಮಸ್. ಏಳಕ್ಕೆ ಬೆಳಗಾವಿಯಿಂದ
ಬೀಗರಾಗುವವರು ಬರುತ್ತಾರೆ.
ಸುಜಯಾ ಪುಣೆಯಿಂದ ಫೋನಿನಲ್ಲಿ ಬರೆಸಿದ್ದಾಳೆ:
ಗಟ್ಟಿ ಚೀಸು ಒಂದು, ಮೆತ್ತನೆಯದು ಒಂದು,
ನೀಲಿ ನರದ್ದು ಒಂದು. "ಬೂಷ್ಟ ಹಿಡದೈತಂತ ಒಗೀಬ್ಯಾಡವ್ವ,
ಅದು ಇರೋದ ಹಂಗ."
ಐಸಿನ ಪೆಟ್ಟಿಗೆ ರಾತ್ರಿ ಬಸ್ಸಿಗೆ ಬಂತು.
ಜುಬಿಲಿ ಸರ್ಕಲ್ಲಿನಿಂದ ಇವರು ಅದನ್ನು
ಹಸುಗೂಸಿನ ಹಾಗೆ ಅವಚಿಕೊಂಡು ತಂದರು.

ನಡುವಿನ ಬಟ್ಟಲಿಗೆ ಜೇನು ಅಂದಿದ್ದಳು; ಇದ್ದದ್ದು ಗುಳಂಬ.
ಬಿಸ್ಕೀಟು ಅಂದಿದ್ದಳು; ಎಳ್ಳು ಹಚ್ಚಿದ ಕಡಕ್ ಸಜ್ಜಿ ರೊಟ್ಟಿ ಮುರಿದೆ,
ಒಂದರ ಅಂಚೂ ನೆಟ್ಟಗಿಲ್ಲ. ಇರಲಿ.
ಕೆಲಗೇರಿಯ ಪೇರಲ, ಒಳಗೆ ಕೆಂಪು ಇದ್ದದ್ದು.
ಬ್ಯಾಡಗಿ ಮೆಣಸಿನಕಾಯಿ ನಾಲ್ಕು, ಬಣ್ಣಕ್ಕೆ ಮಾತ್ರ.
ಮೂಲೆಯ ಕ್ರಿಸ್‌ಮಸ್ ಗಿಡದಿಂದಲೇ
ಸರ್ವೆಯ ಎಳೆ ಟೊಂಗೆ ಕದ್ದೆ.

ರಂಗೋಲಿಯ ಕೈ ಇದಕ್ಕೆ ಬಗ್ಗುವುದಿಲ್ಲ.
ಅಲ್ಲಿ ಚುಕ್ಕಿ ಮೊದಲು.
ಇಲ್ಲಿ ಚೆಲ್ಲಿದ ಹಾಗೆ ಇರಬೇಕು,
ಚೆಲ್ಲಿರಬಾರದು.

ಐದಕ್ಕೆ ಹಿತ್ತಲ ಬಾಗಿಲಲ್ಲಿ ಠಕೂಬಾಯಿ,
ಗೌಳಿಗಲ್ಲಿಯಿಂದ, ಕ್ಯಾನು ಇಳಿಸಿ:
"ಏನ್ರಿ ಬಾಯಾರ ಇದು, ಪೂಜಿ ಮಾಡ್ತೀರೇನು?"
"ಹಾಲಿಂದ."
"ಹಾಲಿಂದಾ?" ಬಗ್ಗಿ ಮೂಸಿದಳು, ಸರಕ್ಕನೆ ಹಿಂದೆ ಸರಿದಳು.
"ಕೆಟ್ಟೈತಲ್ರಿ!"
"ಕೆಡಿಸಿದ್ದು."
"ಬೇಕಂತ?"
"ಬೇಕಂತ. ಎಂಟ ತಿಂಗಳ ಇಟ್ಟು."

ಹೊಸ್ತಿಲ ಹೊರಗೆ ಕುಕ್ಕರಿಸಿ ಕೂತು ನಕ್ಕಳು, ಕಣ್ಣೊರೆಸಿಕೊಂಡಳು,
ರೇಟು ಕೇಳಿದಳು.
ಅರ್ಧ ಹೇಳಿದೆ. ಮತ್ತೆ ನಕ್ಕಳು.
"ನಮ್ಮ ಎಮ್ಮಿಗೆ ಹೇಳ್ತೀನ್ರಿ."

ಮೇ ತಿಂಗಳಲ್ಲಿ ಒಂದು ದಿನ
ಹದಿನೆಂಟು ಲೀಟರು ಒಡೆದು
ಮನೆಮನೆಗೆ ಕೈಮುಗಿದಿದ್ದಳು ಇವಳು.
ಒಂದು ಮುಂಜಾನೆಯದು, ಒಂದು ಸಂಜೆಯದು,
ಎರಡು ಲೀಟರಿನ ರೊಕ್ಕ ನಾನೂ ಹಿಡಿದಿದ್ದೆ.
ಆ ಮಾತು ಅವಳು ಎತ್ತಲಿಲ್ಲ.
ಎತ್ತಿದ್ದರೆ ಹಗುರವಿತ್ತು.

ಎದ್ದು ನಿಂತು, ತಲೆ ಓರೆ ಮಾಡಿ ನೋಡಿದಳು.
"ಇಲ್ಲಿ ಬರೇ ಕಾಣತೈತ್ರಿ" ಎಂದು
ಸೆರಗಿನ ಒಳಗಿಂದ ಬಾಳೆಲೆಯ ಪೊಟ್ಟಣ ಬಿಚ್ಚಿದಳು,
ಹಬ್ಬಕ್ಕೆಂದು ತಂದ ಬೆಣ್ಣೆ.
ನೀರು ಮುಟ್ಟಿಸಿದ ಅಂಗೈಯಲ್ಲಿ ಉಂಡೆ ತಿರುಗಿಸಿ
ನೀಲಿಯದರ ಪಕ್ಕಕ್ಕೆ ಇಟ್ಟಳು.
ಮೇಲೆ ಹೆಬ್ಬೆರಳ ಒಂದು ಒತ್ತು.

ಅವರು ಬಂದದ್ದು ಎಂಟೂವರೆಗೆ.
"ಅಯ್ಯೋ, ಕೆಡಿಸೋಕೆ ಮನಸ್ಸೇ ಬರೋದಿಲ್ಲ" ಅಂದರು, ಫೋಟೋ ತೆಗೆದರು,
ರೊಟ್ಟಿ ಖಾಲಿ, ಗುಳಂಬ ಖಾಲಿ. ಅವರ ಅತ್ತೆಗೆ
ಮೆಣಸಿನಕಾಯಿಯೂ ಬೇಕಾಯಿತು.
ನೀಲಿಯದಕ್ಕೆ ಚಾಕು ತಾಗಿಸಿದವನು ಹುಡುಗ ಒಬ್ಬನೇ,
ಅದೂ ಮರ್ಯಾದೆಗೆ.

ಈಗ ಅಡಿಗೆಮನೆಯ ಗೋಡೆ, ಹಾಲಿನ ಕ್ಯಾಲೆಂಡರು.
ಹಿಂದಕ್ಕೆ ತಿರುವಿದರೆ ಮೇ,
ಒಂದೇ ಚೌಕದಲ್ಲಿ ಎರಡು ಕಾಟು, ನನ್ನದೇ ಕೈ.
ಇಪ್ಪತ್ತೈದರಲ್ಲಿ ಒಂದು ಲೀಟರು ಎಂದು ಬರೆದೆ.
ಬೆಣ್ಣೆಗೆ ಏನು ಬರೆಯುವುದು?
ಪೆನ್ನು ಹಿಡಿದು ನಿಂತಿದ್ದೇನೆ.
ಮೋರಿಯ ಕಡೆಯಿಂದ ಹಲಗೆ ತೊಳೆಯುತ್ತ ಇವರ ಕೂಗು:
"ಉಳ್ಳಾಗಡ್ಡಿ ಇನ್ನೂ ನಾರತೈತಿ ನೋಡು."